ಶಾಂತಾ ದವಾಖಾನೆಯಲ್ಲಿ

ಕಳೆದ ಗುರುವಾರ ಮಧ್ಯಾಹ್ನ ನಮ್ಮ ಮನೆಗೆ ತಂತಿ ಬಂತು.

ತಂತಿ ಎಂದರೆ ಕಲಘಟಗಿಯ ನಮ್ಮ ಓಣಿಯಲ್ಲಿ ಒಡೆದು ಓದುವ ಮೊದಲೇ ಹೆಂಗಸರು ಬಾಯಿಗೆ ಸೆರಗು ಹಿಡಿಯುತ್ತಾರೆ. ಒಳ್ಳೆಯ ಸುದ್ದಿಗೆ ಕಾರ್ಡು ಸಾಕಲ್ಲ? ಪೋಸ್ಟ್‌ಮನ್ ಕೂಡ ಸೈಕಲ್ ಹಿಡಿದು ನಿಂತೇ ಇದ್ದ. “ಏನ್ ಬರದಾರ್ರಿ ಮಾಸ್ತರ?” ಎಂದ, ಮೆಲ್ಲಗೆ.

ನಾನು ಇಲ್ಲಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವನು. ಊಟದ ಬಿಡುವಿನಲ್ಲಿ ಮನೆಗೆ ಬಂದಿದ್ದೆ. ತಂತಿಯಲ್ಲಿದ್ದದ್ದು ಇಷ್ಟೇ: ‘ಇನ್ ಹಾಸ್ಪಿಟಲ್ ಫ್ರಮ್ ಮಂಡೇ. ಬ್ರಿಂಗ್ ಮದರ್. ಶಾಂತಾ.’

ಶಾಂತಾ ನನ್ನ ತಂಗಿ. ಟೈಪಿಂಗ್ ಕಲಿತವಳು. ಎರಡು ವರ್ಷದಿಂದ ಹುಬ್ಬಳ್ಳಿಯಲ್ಲಿ ಕಾಕಾನ ಮನೆಯಲ್ಲಿದ್ದು ಕಂಡ ಕಂಡ ಆಫೀಸಿಗೆಲ್ಲ ಅರ್ಜಿ ಹಾಕುತ್ತಿದ್ದಳು. ಹೋದ ವರ್ಷ ಅವಳಿಗೆ ವಿಷಮಜ್ವರ ಬಂದು, ಉಳಿದದ್ದೇ ಹೆಚ್ಚು ಎನ್ನುವಂತಾಗಿತ್ತು.

ನನ್ನ ಕಣ್ಣು ‘ಫ್ರಮ್’ ಮೇಲೆ ನಿಂತಿತು. ಹೋದ ಸೋಮವಾರದಿಂದ ಈ ಹೊತ್ತಿನವರೆಗೆ ಎನ್ನಲು ‘ಸಿನ್ಸ್’ ಬರೆಯಬೇಕು. ನನ್ನ ಕ್ಲಾಸಿನಲ್ಲೇ ಕಲಿತ ಹುಡುಗಿ, ಪ್ರತಿ ಪರೀಕ್ಷೆಯಲ್ಲೂ ಇದೇ ತಪ್ಪು! (ಅಂಥ ಹೊತ್ತಿನಲ್ಲೂ ವ್ಯಾಕರಣ ತಿದ್ದುವ ಚಟ. ಏನೆನ್ನುತ್ತೀರಿ ಇದಕ್ಕೆ?) ಮನಸ್ಸಿನಲ್ಲೇ ತಿದ್ದಿಕೊಂಡು ಓದಿದೆ. ಸೋಮವಾರದಿಂದ ಮಲಗಿದ್ದಾಳೆ. ನಾಲ್ಕು ದಿನ!

“ಅವ್ವಾ, ಶಾಂತಾನ್ನ ದವಾಖಾನ್ಯಾಗ ಇಟ್ಟಾರಂತ. ಸೋಮಾರದಿಂದ.”

ಅವ್ವ ಅಳಲಿಲ್ಲ. ಸರಸರನೆ ರವೆಯ ಗಂಜಿ ಕಾಸಿ ಡಬ್ಬಿಗೆ ತುಂಬಿದಳು. “ನಡಿ ತಮ್ಮಾ, ಹೋಗೂಣು” ಎಂದಳು.

ಬಸ್ಸಿನಲ್ಲಿ ಡಬ್ಬಿ ಅವಳ ತೊಡೆಯ ಮೇಲೇ ಇತ್ತು. ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಒಮ್ಮೆ ಮಾತ್ರ ಕೇಳಿದಳು: “ನಾಕ್ ದಿನಾ ಬಿಟ್ಟು ಈಗ್ಯಾಕ ಕರಸ್ಯಾರೋ?” ನಾನು ತಂತಿಯನ್ನು ಮತ್ತೊಮ್ಮೆ ಬಿಚ್ಚಿ ಓದಿದೆ.

ಮೊದಲು ಕಾಕಾನ ಮನೆಗೆ ಹೋಗಬಹುದಿತ್ತು. ಆದರೆ ದವಾಖಾನೆ ಎಂದು ಬರೆದಿದೆಯಲ್ಲ! ನೆಟ್ಟಗೆ ದೊಡ್ಡ ದವಾಖಾನೆಗೇ ಹೋದೆವು. ಹೆಂಗಸರ ವಾರ್ಡಿನ ನರ್ಸ್ ಪುಸ್ತಕ ನೋಡಿ, “ಶಾಂತಾ ಅನ್ನೋರು ಒಬ್ಬರ ಅದಾರ್ರಿ. ಕಿಟಕಿ ಬಾಜೂಕ” ಎಂದರು.

ಅವ್ವ ಓಡಿದಳು. ನಾನೂ ಹಿಂದೆ ಓಡಿದೆ.

ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಯಾರೋ ಮಲಗಿದ್ದರು. ಅವ್ವ ಭುಜ ಮುಟ್ಟಿದಳು. ತಿರುಗಿದವಳು ಎಪ್ಪತ್ತು ದಾಟಿದ ಮುದುಕಿ.

“ಯಾರವ್ವಾ ನೀವು?” ಎಂದಿತು ಅಜ್ಜಿ. “ನನ್ನ ನೋಡಾಕ ಬಂದೀರೇನು?”

ನಾನು ‘ಅಲ್ಲ’ ಎನ್ನಲು ಬಾಯಿ ತೆರೆದೆ. ಅವ್ವ ನನ್ನ ಕೈ ಅದುಮಿದಳು. “ಹೌದ ಯವ್ವಾ, ನಿಮ್ಮನ್ನ ನೋಡಾಕ ಬಂದೇವಿ” ಎಂದು ಮಂಚದ ಅಂಚಿಗೆ ಕೂತಳು. ಅಜ್ಜಿ ಗುಡಗೇರಿಯವಳಂತೆ. ಬಂದು ಎಂಟು ದಿನವಾದರೂ ಊರಿಂದ ಯಾರೂ ತಿರುಗಿ ನೋಡಿರಲಿಲ್ಲವಂತೆ. ಅವ್ವ ಡಬ್ಬಿ ಬಿಚ್ಚಿ, ಚಮಚದಿಂದ ಗಂಜಿ ಕುಡಿಸಿಯೇ ಎದ್ದಳು.

ಬೇರೆ ಶಾಂತಾ ಆ ದವಾಖಾನೆಯಲ್ಲಿ ಇರಲಿಲ್ಲ. ಟಾಂಗಾ ಹಿಡಿದು ಕಾಕಾನ ಮನೆ ಮುಟ್ಟಿದಾಗ ನನ್ನ ತಂಗಿ ಅಂಗಳದಲ್ಲಿ ಕೂತು ಹೊಸ ಸೀರೆಗೆ ಫಾಲ್ ಹಚ್ಚುತ್ತಿದ್ದಳು!

“ಅಣ್ಣಾ! ಇಷ್ಟ್ ಲಗೂ ಬಂದ್ರಿ? ರವಿವಾರ ಬರ್ತೀರಿ ಅಂದ್ಕೊಂಡಿದ್ದೆ.”

ಅವ್ವ ಅವಳ ಬೆನ್ನಿಗೊಂದು ಬಾರಿಸಿದಳು. ಆಮೇಲೆ ಅದೇ ಕೈಯಿಂದ ಹಣೆ, ಕೆನ್ನೆ, ಕುತ್ತಿಗೆ ಎಲ್ಲ ಮುಟ್ಟಿ ನೋಡಿದಳು. ಜ್ವರವಿರಲಿಲ್ಲ. “ನೀ ದವಾಖಾನ್ಯಾಗ ಇಲ್ಲೇನ?”

“ಸೋಮಾರದಿಂದ ಇರ್ತೀನವ್ವಾ! ಕೆಲಸ ಸಿಕ್ಕೈತಿ. ಇಲ್ಲೇ ಒಂದು ದವಾಖಾನಿ ಆಫೀಸಿನ್ಯಾಗ ಟೈಪಿಸ್ಟ್. ಮೊದಲನೇ ದಿನಾ ನೀನ ನನ್ನ ಬಿಟ್ಟು ಬರಬೇಕಂತ ಕರಸೀನಿ.”

ಕಟ್ಟೆಯ ಮೇಲೆ ಕುಸಿದು ಕೂತು ಎರಡು ತಂಬಿಗೆ ನೀರು ಕುಡಿದೆ. ಎದೆ ಹಗುರಾದ ಮೇಲೆ ಸಿಟ್ಟು ಬಂತು.

“‘ಇನ್ ಹಾಸ್ಪಿಟಲ್’ ಅಂದ್ರ ಹಾಸಿಗಿ ಹಿಡದವರು ಅಂತ ಅರ್ಥ. ಕೆಲಸಕ್ಕ ಹೋಗೋರು ‘ಆ್ಯಟ್’ ಅನಬೇಕು. ಎಷ್ಟ್ ಸಲ ಹೇಳೀನಿ?”

“ಮೊದಲ ‘ಜಾಬ್’ ಅಂತ ಬರದಿದ್ದೆ ಅಣ್ಣಾ. ಶಬ್ದಕ್ಕಿಷ್ಟು ರೊಕ್ಕ ಅಂತ ಹೊಡದ್ ಹಾಕಿದೆ. ಅದಿರಲಿ, ‘ಫ್ರಮ್’ ಸರಿ ಬರದಿಲ್ಲೇನು? ಮುಂದಿನ ಸೋಮಾರದಿಂದ. ‘ಸಿನ್ಸ್’ ಅಂದಿದ್ರ ತಪ್ಪಾಗ್ತಿತ್ತು.”

ಸರಿಯಾಗಿಯೇ ಇತ್ತು. ಇಷ್ಟು ವರ್ಷದಲ್ಲಿ ಮೊದಲ ಸಲ ಅವಳು ಸರಿ ಬರೆದಿದ್ದಳು. ತಿದ್ದಿ ಕೆಡಿಸಿದವನು ನಾನು.

ನಮ್ಮ ಕನ್ನಡದ ಕತೆಯೇ ಬೇರೆ. ಹೊಲದಲ್ಲಿ, ರಸ್ತೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ. ಎಲ್ಲಕ್ಕೂ ಒಂದೇ ‘ಅಲ್ಲಿ’. ಇಂಗ್ಲಿಷಿನವರಿಗೆ ಹೊಲಕ್ಕೆ ‘ಇನ್’, ರಸ್ತೆಗೆ ‘ಆನ್’, ಬಸ್‌ಸ್ಟ್ಯಾಂಡಿಗೆ ‘ಆ್ಯಟ್’. ನಮ್ಮ ‘ಸೋಮವಾರದಿಂದ’ ಹಿಂದಕ್ಕೂ ಆಯಿತು, ಮುಂದಕ್ಕೂ ಆಯಿತು. ಅವರಿಗೆ ಹಿಂದಿನದು ಬೇರೆ, ಮುಂದಿನದು ಬೇರೆ. ಇದನ್ನೆಲ್ಲ ಹದಿನಾಲ್ಕು ವರ್ಷದಿಂದ ಬೋರ್ಡಿನ ಮೇಲೆ ಬರೆಯುತ್ತಿದ್ದೇನೆ. ಅಷ್ಟು ಸಣ್ಣ ಶಬ್ದಗಳು ಒಬ್ಬ ತಾಯಿಯನ್ನು ಹೀಗೆ ಓಡಿಸಬಲ್ಲವು ಎಂದು ಮಾತ್ರ ಗೊತ್ತಿರಲಿಲ್ಲ.

ನಾವು ವಾಪಸು ಬರಲಿಲ್ಲ. ರಜೆಗೆ ಬರೆದು ಹಾಕಿ ಸೋಮವಾರದವರೆಗೆ ಉಳಿದೆವು. ಅಂದು ಬೆಳಿಗ್ಗೆ ಶಾಂತಾ ಆಫೀಸಿನೊಳಗೆ ಹೋದ ಮೇಲೂ ಅವ್ವ ದವಾಖಾನೆಯ ಬಾಗಿಲ ಬಳಿಯ ಬೆಂಚು ಬಿಟ್ಟೇಳಲಿಲ್ಲ. ವಾಚ್‌ಮನ್ ಬಂದು, “ಯಾರಿಗೆ ಆರಾಮಿಲ್ಲಬೇ?” ಎಂದ.

“ಎಲ್ಲಾರೂ ಆರಾಮ ಅದೀವಪ್ಪಾ” ಎಂದಳು ಅವ್ವ. “ಒಳಗ ಟಕಟಕ ಅನ್ನಾಕತ್ತೈತಲ್ಲ, ಅದು ನನ್ನ ಮಗಳು.”

ದವಾಖಾನೆಯ ಬಾಗಿಲಲ್ಲಿ ಇಷ್ಟು ನಿಶ್ಚಿಂತೆಯಿಂದ ಕೂತವರನ್ನು ನೀವು ಎಂದಾದರೂ ನೋಡಿದ್ದೀರಾ?