ಕೆಸರಿಗೆ ಬಿಡದ ಬ್ಯಾಕ್ಟೀರಿಯಾ

ಸೇಡಂನಲ್ಲಿ ಬಿಎಸ್ಸಿ ಕೊನೆಯ ವರ್ಷ ಓದುವಾಗ ನಾವು ಮೂವರು ಒಂದು ಸ್ಪರ್ಧೆಗೆ ಹೆಸರು ಕೊಟ್ಟೆವು. ಯಾವುದಾದರೂ ಸೂಕ್ಷ್ಮಜೀವಿಯ ವಂಶವಾಹಿಯನ್ನು ತಿದ್ದಿ, ನಮ್ಮ ಊರಿನ ಒಂದು ಸಮಸ್ಯೆಗೆ ಪರಿಹಾರ ರೂಪಿಸಬೇಕಿತ್ತು. ನಾನು ಶಹಾಬಾದಿನವಳು. ದಿನಾ ನಾನು ಬರುವ ರೈಲಿಗೆ ವಾಡಿಯಲ್ಲಿ ನಮ್ಮ ತಂಡದ ಹುಡುಗ ಹತ್ತುತ್ತಿದ್ದ. ಮೂರನೆಯವಳು ಚಿಂಚೋಳಿಯ ಗೆಳತಿ, ಬಸ್ಸಿನಲ್ಲಿ ಬರುತ್ತಿದ್ದಳು.

ಮೊದಲ ಎರಡು ವಾರ ಬರೀ ಜಗಳ. ವಾಡಿಯವನಿಗೆ ತನ್ನೂರಿನ ಸಿಮೆಂಟ್ ಕಾರ್ಖಾನೆಯ ಧೂಳು ತಿನ್ನುವ ಬ್ಯಾಕ್ಟೀರಿಯಾ ಬೇಕಿತ್ತು. ತಿಂದಮೇಲೆ ಆ ಧೂಳು ಎಲ್ಲಿ ಹೋಗುತ್ತದೆ ಎಂದು ಗೆಳತಿ ಕೇಳಿದಾಗ ಅವನು ಅದನ್ನು ಕೈಬಿಟ್ಟ. ಅವಳಿಗೆ ತೊಗರಿ ಗಿಡವನ್ನು ಒಣಗಿಸುವ ನೆಟೆ ರೋಗ ತಡೆಯುವ ಆಸೆ. ಅದನ್ನು ಪರೀಕ್ಷಿಸಲು ಒಂದು ಇಡೀ ಬೆಳೆ ಕಾಯಬೇಕು. ಕೊನೆಗೆ ಉಳಿದದ್ದು ನನ್ನ ಮಾತು. ನಮ್ಮೂರಿನಲ್ಲಿ ಸುಣ್ಣದ ಕಲ್ಲು ಪಾಲಿಶ್ ಮಾಡುವಾಗ ಹರಿಯುವ ಬೂದು ಕೆಸರು ಊರ ಹೊರಗೆ ಗುಡ್ಡೆಯಾಗಿ ಒಣಗುತ್ತದೆ. ಯೂರಿಯಾವನ್ನು ಒಡೆದು, ಸುಣ್ಣವನ್ನು ಗಟ್ಟಿಯಾಗಿಸುವ ಬ್ಯಾಕ್ಟೀರಿಯಾಗಳಿವೆ. ಅಂಥ ಒಂದನ್ನು ಇನ್ನಷ್ಟು ಚುರುಕು ಮಾಡಿ ಕೆಸರಿಗೆ ಬಿಟ್ಟರೆ ಅದು ಮತ್ತೆ ಕಲ್ಲಾಗಬಹುದು ಎಂದು ನಾವು ಲೆಕ್ಕ ಹಾಕಿದೆವು.

ಒಂದು ಭಾನುವಾರ ಇಬ್ಬರೂ ನಮ್ಮ ಮನೆಗೆ ಬಂದರು. ಅವ್ವ ಪಾಲಿಶ್ ಮಷೀನಿನ ಮುಂದೆ ಹದಿನೈದು ವರ್ಷದಿಂದ ದುಡಿಯುತ್ತಿರುವವಳು. ರೊಟ್ಟಿ ಬಡಿಯುತ್ತಲೇ ನಮ್ಮ ಮಾತು ಕೇಳಿಸಿಕೊಂಡಳು.

"ನೀವು ಹುಳ ಬಿಡೂ ಕೆಸರಿನ್ಯಾಗ ನಾ ದಿನಾ ಕೈ ಹಾಕ್ತೀನಿ," ಎಂದಳು. "ನನ್ನ ಯಾರರ ಕೇಳೀರೇನು?"

ಯಾರೂ ಕೇಳಿರಲಿಲ್ಲ. ಆಗ ನಾನು ಕೇಳಿದೆ, ಅವ್ವ ಒಲ್ಲೆ ಎಂದಳು. ನನ್ನ ಯೋಜನೆಯೊಳಗೆ ಊರು ಇತ್ತು, ಕೆಸರು ಇತ್ತು, ಅವ್ವ ಇರಲಿಲ್ಲ.

ಮರುದಿನ ಎಲ್ಲವನ್ನೂ ಬಿಚ್ಚಿ ಮತ್ತೆ ಕಟ್ಟಿದೆವು. ತಿದ್ದಿದ ಬ್ಯಾಕ್ಟೀರಿಯಾ ಮುಚ್ಚಿದ ಪಾತ್ರೆಯೊಳಗೇ ಬೆಳೆದು, ಅಲ್ಲೇ ಸಾಯಬೇಕು. ಅದು ತಯಾರಿಸಿದ ಕಿಣ್ವವನ್ನು ಮಾತ್ರ ಸೋಸಿ ಹೊರಗೆ ತರಬೇಕು. ಆ ಬ್ಯಾಕ್ಟೀರಿಯಾ ತಯಾರಿಸುವ ಸೌಕರ್ಯ ನಮ್ಮಲ್ಲಿ ಇರಲಿಲ್ಲ. ವಿನ್ಯಾಸ ಕಾಗದದ ಮೇಲೇ ಉಳಿಯಿತು. ಆದರೆ ಯೂರಿಯಾ ಒಡೆಯುವ ಅದೇ ಕೆಲಸದ ಕಿಣ್ವ ಕಲ್ಲಂಗಡಿ ಬೀಜದಲ್ಲಿಯೂ ಇದೆ ಎಂದು ಗೆಳತಿ ಓದಿ ಬಂದಳು. ಬೀಜ ಅರೆದು, ಸೋಸಿ, ಯೂರಿಯಾದ ಜೊತೆ ಕೆಸರಿಗೆ ಬೆರೆಸಿದೆವು. ಪ್ರಯೋಗಾಲಯವೆಲ್ಲ ಮೂತ್ರದ ನಾತ ಹೊಡೆದು, ಪಕ್ಕದ ತರಗತಿಯವರು ದೂರು ಕೊಟ್ಟರು. ನಾಲ್ಕನೇ ಸಲ ಅಂಗೈಯಗಲದ ಒಂದು ಬಿಲ್ಲೆ ಎದ್ದು ನಿಂತಿತು. ಮೂಲೆ ಉದುರುತ್ತಿತ್ತು, ನಡು ಗಟ್ಟಿಯಿತ್ತು.

ಸ್ಪರ್ಧೆಗೆಂದು ಕಲಬುರಗಿಗೆ ಹೋಗುವ ಮುಂಚೆ, ನಮಗೆ ಮಾರ್ಗದರ್ಶನ ಮಾಡುತ್ತಿದ್ದ ಸರ್ ಕರೆದು ಬುದ್ಧಿ ಹೇಳಿದರು. ಒಳ್ಳೆಯ ಮನುಷ್ಯ, ನಾವು ಗೆಲ್ಲಬೇಕೆಂಬುದೇ ಅವರ ಆಸೆ. ಜೀವಂತ ಬ್ಯಾಕ್ಟೀರಿಯಾ ಕೆಸರಿಗೆ ಬಿಡುವ ಹಳೆಯ ಯೋಜನೆಗೇ ಪರೀಕ್ಷಕರು ಖುಷಿಯಾಗುತ್ತಾರೆ, ಕಿಣ್ವ ಅಂದರೆ ಸಪ್ಪೆ ಎಂದರು. ನಾವು ಒಪ್ಪಲಿಲ್ಲ. ಹಾಗಾದರೆ ಸೋತರೆ ತಪ್ಪು ತಮ್ಮ ಮೇಲೆ ಹೊರಿಸಬೇಡಿ ಎಂದರು. ಇಲ್ಲರಿ ಸರ್ ಎಂದೆವು.

ಪರೀಕ್ಷಕರಲ್ಲಿ ಹಿರಿಯರೊಬ್ಬರು ಅದನ್ನೇ ಕೇಳಿದರು: ಇಷ್ಟು ಒಳ್ಳೆಯ ಬ್ಯಾಕ್ಟೀರಿಯಾವನ್ನು ಪಾತ್ರೆಯಲ್ಲಿ ಯಾಕೆ ಬಂಧಿಸಿಟ್ಟಿರಿ, ಧೈರ್ಯ ಸಾಲಲಿಲ್ಲವೇ?

ಪುಸ್ತಕದ ಕನ್ನಡದಲ್ಲಿ ಉತ್ತರ ಕಲಿತು ಹೋಗಿದ್ದೆ. ಅದು ಬಾಯಿಗೆ ಬರಲಿಲ್ಲ.

"ಆ ಕೆಸರಿನ್ಯಾಗ ನಮ್ಮವ್ವ ಬರಿಗೈಲೆ ಕೆಲಸ ಮಾಡಾಕತ್ತಾಳ್ರಿ," ಎಂದೆ. "ಆಕಿ ಒಲ್ಲೆ ಅಂದಾಳ. ಆಕಿ ಹೂಂ ಅನ್ನೋತನಕ ನಾವು ಬಿಡೂದಿಲ್ಲ."

ಅವರು ಏನೋ ಬರೆದುಕೊಂಡರು. ಸಂಜೆ ಓದಿದ ಗೆದ್ದವರ ಪಟ್ಟಿಯಲ್ಲಿ ನಮ್ಮ ಹೆಸರಿರಲಿಲ್ಲ.

ಗೆಳತಿ ಸ್ವಲ್ಪ ಅತ್ತಳು. ಸರ್ ಹೇಳಿದಂತೆ ಹಳೆಯ ಯೋಜನೆಯನ್ನೇ ಒಯ್ದಿದ್ದರೆ ಗೆಲ್ಲುತ್ತಿದ್ದೆವೇ ಎಂದು ವಾಡಿಯವನು ರೈಲಿನಲ್ಲಿ ಕೇಳಿದ. ಗೆಲ್ಲುತ್ತಿದ್ದೆವು ಅಂತಲೇ ನನಗೆ ಅನ್ನಿಸಿತ್ತು, ಹಾಗೇ ಹೇಳಿದೆ. ಮುಂದಿನ ವರ್ಷ ಮೂವರೂ ಬೇರೆ ಬೇರೆ ಕಡೆ ಎಂಎಸ್ಸಿ ಸೇರಿದ್ದರೂ ಅದೇ ಸ್ಪರ್ಧೆಗೆ ಮತ್ತೆ ಅರ್ಜಿ ಹಾಕಿದೆವು: ಅದೇ ಕೆಸರು, ಅದೇ ಮುಚ್ಚಿದ ಪಾತ್ರೆ, ಒಂದಕ್ಷರ ಬದಲಿಲ್ಲ.