ಸೆರಗಿಗೆ ಮುಂಚೆ ನಿಂತ ಮಗ್ಗ

ಆ ಭಾನುವಾರ ನಾನು ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದೆ. ಅವಳು ಗೋಡೆ ಪಕ್ಕದ ಕಂಪ್ಯೂಟರಿನ ಮುಂದೆ, ನನ್ನ ಕಡೆ ಬೆನ್ನು ಮಾಡಿ ಕೂತಿದ್ದಳು. ನಮ್ಮ ಮನೆಯಲ್ಲಿ ನೇಯುವವನು ನಾನು, ಚಿತ್ರ ಬಿಡಿಸುವವಳು ನನ್ನ ಹೆಂಡತಿ. ಅಂಚು, ಒಡಲು, ಸೆರಗು ಎಲ್ಲವನ್ನೂ ಅವಳು ಪರದೆಯ ಮೇಲೆ ಚೌಕ ಚೌಕವಾಗಿ ತುಂಬಿ ಪೆನ್‌ಡ್ರೈವಿಗೆ ಹಾಕಿಕೊಡುತ್ತಿದ್ದಳು. ಅದನ್ನು ಮಗ್ಗದ ಮೇಲಿನ ಪೆಟ್ಟಿಗೆಗೆ ಸಿಕ್ಕಿಸಿದರೆ ಯಾವ ಎಳೆ ಏಳಬೇಕು, ಯಾವುದು ಇಳಿಯಬೇಕು ಎಂಬುದನ್ನು ಪೆಟ್ಟಿಗೆಯೇ ನೋಡಿಕೊಳ್ಳುತ್ತದೆ.

"ಸೆರಗು ಎಲ್ಲೀಗಂಟ ಬಂತು?" ಎಂದೆ.

"ನಾಳೆ ಹಾಕ್ಕೊಡ್ತೀನಿ ಕಣ್ರಿ. ಮೊದ್ಲು ಒಡಲು ಮುಗ್ಸಿ."

"ಇನ್ನೊಂದು ಮೊಳ ಅಷ್ಟೇಯ."

"ಮೂರು ದಿನದಿಂದ ಅದೇ ಒಂದು ಮೊಳ. ಅದೇನು ಬೆಳೀತಾ ಅದಾ?"

ಮೂಲೆಯಲ್ಲಿ ನೂಲು ಸುತ್ತುತ್ತಿದ್ದ ಅವ್ವ ನಕ್ಕಳು. ಆ ಸೀರೆ ಮಾರುವುದಕ್ಕಲ್ಲ. ರಾಮಾಪುರಕ್ಕೆ ಮದುವೆಯಾಗಿ ಬಂದಿದ್ದ ತನ್ನ ಅಕ್ಕನಿಗೆ ಒಂದು ಸೀರೆ ಕೊಡುತ್ತೇನೆಂದು ನನ್ನ ಹೆಂಡತಿ ಎಷ್ಟೋ ದಿನದಿಂದ ಹೇಳಿಕೊಂಡು ಬಂದಿದ್ದಳು. ಅಕ್ಕತಂಗಿಯರಿಬ್ಬರೂ ಗಡಿಯಾಚೆ ತಮಿಳುನಾಡಿನ ಅಂದಿಯೂರು ಕಡೆಯವರು.

ಅಷ್ಟರಲ್ಲಿ ಪರದೆಯ ಮೂಲೆಯಲ್ಲಿ ಏನೋ ಚೌಕ ಬಂತು. ಅವಳು ಅದನ್ನು ಮುಚ್ಚಿದಳು.

"ಏನದು?"

"ಅಪ್‌ಡೇಟು. ದಿನಾ ಕೇಳ್ತದೆ, ದಿನಾ ಬೇಡ ಅಂತೀನಿ. ಅದರ ತಂಟೆಗೆ ನೀವು ಓಗ್ಬೇಡಿ."

ಮಧ್ಯಾಹ್ನ ಮುದ್ದೆ, ಉಪ್ಸಾರು ಉಂಡೆವು. ಅದಕ್ಕಿಂತ ಹೆಚ್ಚೇನೂ ಆ ದಿನ ನಡೆಯಲಿಲ್ಲ.

ಮಾರನೆಯ ಬೆಳಿಗ್ಗೆ ಅವಳು ನಲ್ಲಿಯ ಹತ್ತಿರ ಕುಸಿದಳು. ತಲೆಯೊಳಗೆ ರಕ್ತನಾಳ ಒಡೆದಿದೆ ಎಂದರು. ಮೈಸೂರಿಗೆ ಕರೆದುಕೊಂಡು ಹೋದೆವು. ನಾಲ್ಕನೆಯ ದಿನ ಅವಳು ತೀರಿಕೊಂಡಳು.

ತಿಥಿ ಮುಗಿದ ಮೇಲೆ ಮಗ್ಗಕ್ಕೆ ಇಳಿದೆ. ಉಳಿದ ಒಂದು ಮೊಳ ಒಡಲನ್ನು ಒಂದೇ ದಿನದಲ್ಲಿ ನೇಯ್ದುಬಿಟ್ಟೆ. ಸೆರಗಿನ ಹತ್ತಿರ ಬಂದು ನಿಂತೆ. ಸೆರಗು ಕಂಪ್ಯೂಟರಿನಲ್ಲಿತ್ತು. ಕಂಪ್ಯೂಟರ್ ಹಾಕಿದಾಗ ಮೊದಲು ಬಂದದ್ದು ಅದೇ ಚೌಕ. ಮುಚ್ಚಿದೆ. ಮತ್ತೆ ಬಂತು. ಬೇಡ ಎನ್ನಲು ಅವಳೇ ಇಲ್ಲವಲ್ಲ ಎನ್ನಿಸಿತೋ, ಬೆರಳು ಜಾರಿತೋ, ಇವತ್ತಿಗೂ ಹೇಳಲಾರೆ. ಒಪ್ಪಿಗೆ ಒತ್ತಿದೆ.

ಒಂದು ಗಂಟೆ ಏನೇನೋ ಓಡಿ ನಡುವೆ ನಿಂತಿತು. ಪ್ರೋಗ್ರಾಮುಗಳ ಕೆಲವು ಪ್ಯಾಕೇಜುಗಳು ಮುರಿದಿವೆ, ಸರಿಪಡಿಸಲು ಈ ಆಜ್ಞೆ ಕೊಡಿ ಎಂದು ಇಂಗ್ಲಿಷಿನಲ್ಲಿ ಬಂತು. ನಾನು ಹತ್ತನೆಯ ತರಗತಿ ಓದಿದವನು. ಅಷ್ಟು ಅರ್ಥವಾಗುತ್ತದೆ. ಆದರೆ ಓದಿಗಿಂತ ಮುಂಚೆ ಕೈ ಓಡಿತು. ನಮ್ಮ ಕಸುಬಿನಲ್ಲಿ ಎಳೆ ಕಡಿದರೆ ಯೋಚನೆ ಮಾಡುತ್ತಾ ಕೂರುವ ಹಾಗಿಲ್ಲ. ಲಾಳಿ ನಿಲ್ಲಿಸಿ, ಆಗಲೇ ಗಂಟು ಹಾಕಬೇಕು. ಬಿಟ್ಟರೆ ಬಟ್ಟೆ ಉದ್ದಕ್ಕೂ ಗೆರೆ ಬೀಳುತ್ತದೆ. ಆ ಅಭ್ಯಾಸದಲ್ಲೇ ಆಜ್ಞೆ ಹೊಡೆದೆ. ಏನೇನು ತೆಗೆಯುತ್ತೇನೆಂದು ಅದು ಪಟ್ಟಿ ಕೊಟ್ಟು ಕೇಳಿತ್ತು. ಪಟ್ಟಿ ಓದದೆ ಹೂಂ ಎಂದೆ. ಸರಿಯಾಯಿತು ಎಂದು ಹೇಳಿತು. ಅವಳು ಚಿತ್ರ ಬಿಡಿಸುತ್ತಿದ್ದ ಪ್ರೋಗ್ರಾಮೇ ಹೋಗಿತ್ತು.

ಅವಳ ಸೆರಗಿನ ಕಡತ ಇದ್ದಲ್ಲೇ ಇತ್ತು, ಹೆಸರು ಕಾಣುತ್ತಿತ್ತು. ತೆರೆಯುವ ಪ್ರೋಗ್ರಾಮ್ ಮಾತ್ರ ಇರಲಿಲ್ಲ.

ಮತ್ತೆ ಹಾಕಲು ಹೋದರೆ ಅದಕ್ಕೆ ಹಳೆಯ ಒಂದು ಲೈಬ್ರರಿ ಬೇಕಂತೆ. ಲೈಬ್ರರಿ ಎಂದರೆ ಹಲವು ಪ್ರೋಗ್ರಾಮುಗಳು ಹಂಚಿಕೊಂಡು ಬಳಸುವ ಸಾಮಾನು ಎಂದು ಆಮೇಲೆ ತಿಳಿಯಿತು. ಹಳೆಯದನ್ನು ಹಾಕಬೇಕಾದರೆ ಹೊಸದನ್ನು ತೆಗೆಯಬೇಕು. ಹೊಸದನ್ನು ತೆಗೆದರೆ ಅದನ್ನು ನೆಚ್ಚಿಕೊಂಡಿರುವ ಎಲ್ಲವೂ ಹೋಗುತ್ತವೆ. ಈ ಸಲ ಪಟ್ಟಿಯನ್ನು ಒಂದೊಂದೇ ಸಾಲು ಓದಿದೆ. ಪರದೆ ತುಂಬಿ ಕೆಳಗಿಳಿಯಿತು. ಕೊನೆಗೆ ಪರದೆಯನ್ನು ತೋರಿಸುವ ಪ್ರೋಗ್ರಾಮೂ ಅದರಲ್ಲಿತ್ತು. ಬೇಡ ಎಂದೆ. ಮಾರನೆಯ ದಿನ ಇನ್ನೊಂದು ದಾರಿ ಹಿಡಿದೆ, ಅದೂ ಅದೇ ಪಟ್ಟಿಗೆ ಬಂತು. ದಿನಾ ಸುತ್ತಿ ಸುತ್ತಿ ಅಲ್ಲಿಗೇ ಬರುತ್ತಿದ್ದೆ.

ಈ ಕಡೆ ಮಗ್ಗವೂ ಹಾಗೇ ಆಯಿತು. ಸೀರೆ ಕತ್ತರಿಸಿದರೆ ಸೆರಗಿಲ್ಲ. ಕತ್ತರಿಸದಿದ್ದರೆ ಮಗ್ಗಕ್ಕೆ ಬೇರೆ ಹಾಸಿನ ಎಳೆ ಏರಿಸಲಾಗದು. ದಿನಾ ಗುಂಡಿಗೆ ಇಳಿದು, ಸುಮ್ಮನೆ ಕೂತು, ಎದ್ದು ಬರುತ್ತಿದ್ದೆ.

ಕಂಪ್ಯೂಟರ್ ಪೆಟ್ಟಿಗೆಯನ್ನು ಹಳೆ ಪಂಚೆಯಲ್ಲಿ ಸುತ್ತಿ ಬಸ್ಸಿನಲ್ಲಿ ಯಳಂದೂರಿಗೆ ಒಯ್ದೆ. ಅಲ್ಲಿ ರಿಪೇರಿ ಮಾಡುವವನೊಬ್ಬ ಎರಡು ನಿಮಿಷ ನೋಡಿದ.

"ಎಲ್ಲಾ ಅಳಿಸಿ ಹೊಸದಾಗಿ ಹಾಕ್ಬುಡ್ತೀನಿ ಸಾ. ಅರ್ಧ ದಿನದ ಕೆಲ್ಸ."

"ಎಲ್ಲಾ ಅಂದ್ರೆ?"

"ಎಲ್ಲಾ ಅಂದ್ರೆ ಎಲ್ಲಾ. ಫೈಲ್ ಬೇಕಾದ್ರೆ ಕಾಪಿ ಮಾಡ್ಕೊಡ್ತೀನಿ. ಈ ಹಳೇ ಪ್ರೋಗ್ರಾಮು ಹೊಸದ್ರಲ್ಲಿ ಓಡೋ ಗ್ಯಾರಂಟಿ ನಾನು ಕೊಡಾಕಿಲ್ಲ."

ಪೆಟ್ಟಿಗೆಗೆ ಮತ್ತೆ ಪಂಚೆ ಸುತ್ತಿ ವಾಪಸು ಬಂದೆ. ದಾರಿಯುದ್ದಕ್ಕೂ ಪೆಟ್ಟಿಗೆ ತೊಡೆಯ ಮೇಲಿತ್ತು.

ಅವ್ವ ಕಂಡು, "ಏನಂದ್ನಲಾ?" ಎಂದಳು. ಹಳೆಯದು ಒಂದು ಬೇಕು, ಹೊಸದು ಒಂದು ಬೇಕು, ಎರಡೂ ಒಟ್ಟಿಗೆ ಇರಲ್ಲ ಎಂದು ತೋಚಿದ ಹಾಗೆ ಹೇಳಿದೆ.

"ಅದ್ಯಾಕ್ಲಾ ಒಂದೇ ಕಡೆ ತುರುಕ್ತೀಯ? ಆ ಮಗ್ಗಕ್ಕೆ ಆ ಹಾಸು, ಈ ಮಗ್ಗಕ್ಕೆ ಈ ಹಾಸು. ಅವಳು ಏನಾದ್ರೂ ಬರೆದಿಟ್ಟಿರ್ತಾಳೆ, ನೋಡು. ಅವಳು ಬರೀದೆ ಏನೂ ಮಾಡ್ತಿರ್ಲಿಲ್ಲ."

ಕೀಬೋರ್ಡಿನ ಕೆಳಗೆ ಅವಳ ನೋಟ್‌ಬುಕ್ ಇತ್ತು. ಅಷ್ಟು ದಿನ ಅದನ್ನು ಮುಟ್ಟಿರಲಿಲ್ಲ. ತೆರೆದರೆ ಆಜ್ಞೆಗಳು ಇಂಗ್ಲಿಷಿನಲ್ಲಿ, ಮಿಕ್ಕಿದ್ದೆಲ್ಲ ತಮಿಳು ಅಕ್ಷರದಲ್ಲಿ. ನನಗೆ ತಮಿಳು ಮಾತು ಬರುತ್ತದೆ, ಓದು ಬಾರದು. ಅವಳ ಕೈಬರಹ ಮುಂದೆ ಇಟ್ಟುಕೊಂಡು ಒಂದಕ್ಷರ ಗೊತ್ತಾಗದೆ ಕೂತಿದ್ದೆ.

ಮಾರನೆಯ ದಿನ ಹನೂರಿನ ಮೇಲೆ ರಾಮಾಪುರಕ್ಕೆ ಹೋದೆ. ಅವಳ ಅಕ್ಕ ಹುರುಳಿ ಕೇರುತ್ತಿದ್ದರು. ಕೈ ಒರೆಸಿಕೊಂಡು ಪುಸ್ತಕ ತಗೊಂಡರು.

"ಒಂಬತ್ತು ವರ್ಸ ಸಂಸಾರ ಮಾಡಿದ್ರಲ್ಲ, ಎರಡಕ್ಷರ ಕಲೀಬಾರ್ದಿತ್ತಾ?"

"ಅವಳು ಓದಿ ಹೇಳೋಳು."

ಅಕ್ಕ ಪುಸ್ತಕ ಬಿಡಿಸಿದರು. ಒಂದೊಂದೇ ಸಾಲು ಬೆರಳಿಟ್ಟು ಓದಿದರು, ನಾನು ಕನ್ನಡದಲ್ಲಿ ಬರೆದುಕೊಂಡೆ. ಹಿಂದೊಮ್ಮೆ ಅವಳಿಗೂ ಹೀಗೇ ಆಗಿತ್ತಂತೆ. ಅದಕ್ಕೇ ಪ್ರೋಗ್ರಾಮಿನ ಇನ್ನೊಂದು ಪ್ರತಿಯನ್ನೂ ಅದರ ಹಳೆಯ ಲೈಬ್ರರಿಯನ್ನೂ ಬೇರೆ ಒಂದು ಫೋಲ್ಡರಿನಲ್ಲಿ ಇಟ್ಟಿದ್ದಳು. ಪ್ರೋಗ್ರಾಮ್ ಶುರು ಮಾಡುವಾಗ, ನಿನಗೆ ಬೇಕಾದ್ದು ಈ ಫೋಲ್ಡರಿನಲ್ಲಿದೆ ಎಂದು ಅದೊಂದಕ್ಕೆ ಮಾತ್ರ ಹೇಳುವ ಸಾಲು ಬರೆದಿದ್ದಳು. ಉಳಿದವು ಹೊಸದರಲ್ಲೇ ನಡೆಯಲಿ, ಏನನ್ನೂ ತೆಗೆಯಬೇಡಿ ಎಂದಿತ್ತು.

"ತೆಗೀಬೇಡಿ ಅಂತ ಎರಡು ಸಲ ಗೆರೆ ಎಳ್ದವ್ಳೆ," ಎಂದರು ಅಕ್ಕ.

ಸೀರೆ ಏನಾಯಿತು ಎಂದು ಅವರು ಕೇಳಲಿಲ್ಲ. ಅವರಿಗೆ ನೆನಪಿತ್ತು ಎಂದು ಬಸ್ ಸ್ಟಾಪಿನವರೆಗೆ ಬಂದು ನಿಂತದ್ದರಲ್ಲಿ ತಿಳಿಯಿತು.

ಮನೆಗೆ ಬಂದು ಆ ಸಾಲನ್ನು ಅಕ್ಷರ ಅಕ್ಷರ ನೋಡಿ ಹೊಡೆದೆ. ಒಂದು ಸಲ ತಪ್ಪಿದೆ. ಎರಡನೆಯ ಸಲ ಅವಳ ಪ್ರೋಗ್ರಾಮ್ ತೆರೆದುಕೊಂಡಿತು. ಅವ್ವನನ್ನು ಕರೆದೆ. ಸೆರಗಿನ ಕಡತ ಒತ್ತಿದೆ, ಚೌಕಗಳು ಒಂದೊಂದಾಗಿ ತುಂಬಿಕೊಂಡು ಬಂದವು. ಮಾವಿನಕಾಯಿ ಸಾಲು, ಅದರ ಮೇಲೆ ಬಳ್ಳಿ, ಬಳ್ಳಿಯಲ್ಲಿ ಗಿಣಿ. ಬಳ್ಳಿ ಒಂದು ಕಡೆ ತಿರುಗಿತ್ತು. ಅಲ್ಲಿಂದಾಚೆ ಬರೀ ಬಿಳಿ ಚೌಕ.

ನಾಳೆ ಎಂದಿದ್ದಳಲ್ಲ, ಇನ್ನೂ ಮುಗಿಸಿರಲಿಲ್ಲ.

"ಮಿಕ್ಕಿದ್ದು ನೀನೇ ಬರ್ದು ಸೇರ್ಸು," ಎಂದಳು ಅವ್ವ. ಒಂದು ವಾರ ಪ್ರಯತ್ನಪಟ್ಟೆ. ನಾನು ತಿರುಗಿಸಿದ ಬಳ್ಳಿ ಹಗ್ಗದ ಹಾಗೆ ಕಾಣುತ್ತಿತ್ತು. ಅಳಿಸಿದೆ. ಅವಳು ಬರೆದಷ್ಟನ್ನು ಪೆನ್‌ಡ್ರೈವಿಗೆ ಹಾಕಿ, ಪೆಟ್ಟಿಗೆಗೆ ಸಿಕ್ಕಿಸಿ, ಬಳ್ಳಿ ತಿರುಗುವ ಜಾಗದವರೆಗೆ ನೇಯ್ದೆ. ಸೀರೆಯನ್ನು ಇನ್ನೂ ಕತ್ತರಿಸಿಲ್ಲ. ಕಂಪ್ಯೂಟರ್ ಈಗಲೂ ಅಪ್‌ಡೇಟ್ ಕೇಳುತ್ತದೆ, ಬೇಡ ಎನ್ನುತ್ತೇನೆ.

ಸೆರಗಿನ ಕೊನೆಯ ಒಂದು ಗೇಣಿಗೆ ಚಿತ್ರ ಇಲ್ಲ.