ಬೋರಲು ಮಲಗಿದ ಬೂದು ಪೆಟ್ಟಿಗೆ

ಮಲಾಂಗ್ ಊರಿನ ಒಂದು ಓಣಿಯವರೆಲ್ಲ 'ಬು ವಾರ್', ಅಂದರೆ ವಾರಮ್ಮ, ಎಂದು ಕರೆಯುವ ವಾರ್ತಿನಿಯ ಬಾಡಿಗೆ ವಿಡಿಯೊ ಆಟದಂಗಡಿ ಎಂದರೆ ಒಂದು ಕೋಣೆ, ಒಂದು ಚಾಪೆ, ಮೂರು ಟಿವಿ, ಮೂರು ಬೂದು ಬಣ್ಣದ ಗೇಮ್ ಪೆಟ್ಟಿಗೆ. ಪೆಟ್ಟಿಗೆಗಳಿಗೆ ವಯಸ್ಸಾಗಿತ್ತು. ನೆಟ್ಟಗಿಟ್ಟರೆ ಡಿಸ್ಕ್ ಓದುತ್ತಿರಲಿಲ್ಲ, ಬೋರಲು ಹಾಕಿದರೆ ಸೊಗಸಾಗಿ ಓಡುತ್ತಿದ್ದವು. ಬೇರೆ ಕಂಪನಿಯದನ್ನು ತರುವ ಮಾತೆತ್ತಿದರೆ ಮಾತ್ರ ಆಕೆಗೆ ಮೂಗಿನ ತುದಿಯಲ್ಲೇ ಕೋಪ.

"ಗಂಡ ಸತ್ತಾಗಿಂದ ನಂಗೆ ಅನ್ನ ಹಾಕಿದ್ದು ಇವೇ. ಮುದಿಯಾದ್ವು ಅಂತ ಬೀದಿಗೆ ಬಿಸಾಕಕ್ಕಾಗುತ್ತಾ?"

ಎದುರುಗಡೆ ದರ್ಸೊನೊ ಬೇರೆ ಕಂಪನಿಯ ಹೊಸ ಕರಿ ಪೆಟ್ಟಿಗೆಯೊಂದನ್ನಿಟ್ಟು ಅಂಗಡಿ ತೆರೆದ. ಗಿರಾಕಿಗಳು ಒಬ್ಬೊಬ್ಬರಾಗಿ ಅತ್ತ ದಾಟಿದರು. ಬಾಡಿಗೆ ಬೈಕ್ ಓಡಿಸುವ ಗಿಮಾನ್ ಓಣಿಗೇ ದೊಡ್ಡ ಫುಟ್‌ಬಾಲ್ ಆಟಗಾರ, ಟಿವಿಯೊಳಗೆ ಮಾತ್ರ. ಇನ್ನು ಬೂದು ಪೆಟ್ಟಿಗೆ ಮುಟ್ಟುವುದಿಲ್ಲ ಎಂದು ಆಣೆ ಹಾಕಿದ್ದಲ್ಲದೆ, ಹೋಗುತ್ತ ಬರುತ್ತ ಕೆಣಕುತ್ತಿದ್ದ.

"ಬು ವಾರ್, ಪೆಟ್ಟಿಗೆಗೆ ಶೀತ ಆಗಿದೆಯಾ? ಶೀತ ಬಿಡಲಿ ಅಂತ ಬೋರಲು ಮಲಗಿಸಿ ಬೆನ್ನಿಗೆ ನಾಣ್ಯ ತಿಕ್ತಿದ್ದೀರಾ?"

"ನಿನ್ನ ಬೆನ್ನು ಕೊಡು, ತೋರಿಸ್ತೀನಿ," ಎನ್ನುತ್ತಿದ್ದಳು ವಾರ್ತಿನಿ. ಒಳಗೊಳಗೇ ಹೆದರಿದ್ದಳು. ಕೋಣೆ ಅಕ್ಕ ರುಮಿನಾಳದು. ಆಗಸ್ಟಿನ ಸ್ವಾತಂತ್ರ್ಯದ ಹಬ್ಬ ಮುಗಿಯುವುದರೊಳಗೆ ಗಿರಾಕಿ ಬರದಿದ್ದರೆ ಅಲ್ಲಿ ಸೋಯಾಕಾಳಿನ ತೆಂಪೆ ಕರಿದು ಮಾರುವ ಒಲೆ ಹೂಡುತ್ತೇನೆಂದು ಅಕ್ಕ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು.

ಸ್ವಾತಂತ್ರ್ಯದ ದಿನಕ್ಕೆ ಓಣಿಯವರು ನಡೆಸುವ ಟಿವಿ ಫುಟ್‌ಬಾಲ್ ಪಂದ್ಯಾವಳಿಯ ಫೈನಲ್ ಸಹಜವಾಗಿಯೇ ದರ್ಸೊನೊ ಅಂಗಡಿಗೆ ಹೋಯಿತು. ಆ ಓಣಿಯಲ್ಲಿ ಬೆಲೆಬಾಳುವ ಯಾವ ವಸ್ತುವನ್ನೂ ಬರಿಮೈಯಲ್ಲಿ ಬಿಡುವುದಿಲ್ಲ, ಟೆಲಿಫೋನಿಗೂ ಲಂಗ ತೊಡಿಸುತ್ತಾರೆ. ಊರವರೆಲ್ಲ ಬರುವ ದಿನವೆಂದು ದರ್ಸೊನೊ ಮನೆಯಲ್ಲಿದ್ದ ಅತಿ ಚೆಂದದ ಕಸೂತಿ ಬಟ್ಟೆಯನ್ನು ಪೆಟ್ಟಿಗೆಗೆ ಹೊದಿಸಿದ. ಉರಿಬಿಸಿಲ ಮಧ್ಯಾಹ್ನ. ಗಿಮಾನ್‌ಗೂ ಎದುರಾಳಿಗೂ ಒಂದೊಂದು ಗೋಲಾದಾಗ ಚಿತ್ರ ನಿಂತೇಹೋಯಿತು. ಬಟ್ಟೆ ಎತ್ತಿ ನೋಡಿದರೆ ಪೆಟ್ಟಿಗೆ ಕಾದ ಹಂಚು. ಮತ್ತೆ ಏನು ಮಾಡಿದರೂ ಅದು ಏಳಲಿಲ್ಲ.

"ನನ್ನವು ಮಲ್ಕೊಂಡಿದ್ರೂ ಎಚ್ಚರವಾಗಿವೆ," ಎಂದಳು ವಾರ್ತಿನಿ ತನ್ನ ಬಾಗಿಲಲ್ಲಿ ನಿಂತು. "ಬನ್ನಿ."

ಜನ ನುಗ್ಗಿತು. ಆಡದಿದ್ದರೆ ಸೋತಂತೆ ಎಂದರು ಹಿರಿಯರು. ಗಿಮಾನ್ ಆಣೆ ನುಂಗಿಕೊಂಡು ಚಾಪೆಯ ಮೇಲೆ ಕೂತ. ಪಂದ್ಯ ಮೊದಲಿನಿಂದ ಶುರುವಾಯಿತು. ಒಮ್ಮೆ ಚಿತ್ರ ತೊದಲಿದಾಗ ವಾರ್ತಿನಿ ಜನರ ನಡುವೆ ನುಸುಳಿ ಬಂದಳು. "ಮಾನ ಉಳಿಸೋ ನನ್ನಪ್ಪಾ," ಎಂದು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟಳು. ಅದು ಚೇತರಿಸಿಕೊಂಡು ಓಡಿತು, ಕೊನೆಯತನಕ ಓಡಿತು. ಇನ್ನೇನು ಆಟ ಮುಗಿಯಬೇಕು, ಗಿಮಾನ್ ಗೋಲು ಹೊಡೆದ. ಹೊಡೆದವನೇ ಬಗ್ಗಿ, ಎಲ್ಲರೆದುರು ಬೂದು ಪೆಟ್ಟಿಗೆಗೆ ಮುತ್ತಿಟ್ಟ.

"ಬು ವಾರ್, ನಾಳೆ ಈ ಜಾಗ ನಂಗೇ ಹಿಡಿದಿಡಿ."

"ನಂಗೂ," ಎಂದರು ಹಿಂದಿನವರು. ವಾರ್ತಿನಿಗೆ ಹೆಮ್ಮೆಯಿಂದ ಕಣ್ಣು ತುಂಬಿತು.

ಅಷ್ಟರಲ್ಲಿ ಬಾಣಲೆ ಹೊತ್ತು ಬಂದ ರುಮಿನಾಳಿಗೆ ಒಳಗೆ ಕಾಲಿಡಲೂ ಜಾಗ ಸಿಗಲಿಲ್ಲ.

"ಒಲೆ ಅಲ್ಲೇ ಹೊರಗಡೆ ಹೂಡಕ್ಕಾ," ಕೂಗಿ ಹೇಳಿದಳು ವಾರ್ತಿನಿ. "ಇಷ್ಟು ಜನಕ್ಕೆ ಹಸಿವಾಗುತ್ತೆ."